ಕಟ್ಟೆ ಒಡೆದದ್ದು ಮಳೆಯಿಂದಲೇ?

ಮಣ್ಣಿನ ಕಟ್ಟೆಗೆ ದೊಡ್ಡ ಶತ್ರು ಅದರ ನೆತ್ತಿಯ ಮೇಲಿಂದ ಹರಿಯುವ ನೀರು. ಕಲ್ಲಿನ ಗೋಡೆ ಅದನ್ನು ಸ್ವಲ್ಪ ಹೊತ್ತು ತಾಳಿಕೊಂಡೀತು. ಮಣ್ಣಿನ ಏರಿಯನ್ನು ನೀರು ಕೊರೆಯುತ್ತಾ ಹೋಗುತ್ತದೆ. ಆದ್ದರಿಂದಲೇ ಕೆರೆ ಕಟ್ಟುವವರು ಏರಿಯ ಜೊತೆಗೆ ತೂಬನ್ನೂ ಕೋಡಿಯನ್ನೂ ಇಡುತ್ತಾರೆ. ತೂಬು ತೆರೆದು ನೀರನ್ನು ಇಳಿಸಬಹುದು. ಮಿಕ್ಕಿದ ನೀರು ಕೋಡಿಯಲ್ಲಿ ಹರಿದು ಹೋಗುತ್ತದೆ. ಈ ಸರಳ ಪಾಠವನ್ನು ಕೆಲವರು ಮರೆತದ್ದಕ್ಕೆ ಅಮೆರಿಕದ ಜಾನ್ಸ್‌ಟೌನ್ ಪಟ್ಟಣದಲ್ಲಿ 1889ರಲ್ಲಿ 2,209 ಮಂದಿ ಪ್ರಾಣ ತೆತ್ತರು. ಮರೆತವರು ಬೇರೆ, ಸತ್ತವರು ಬೇರೆ.

ಪೆನ್ಸಿಲ್ವೇನಿಯಾ ರಾಜ್ಯವು ಕಾಲುವೆ ಸಾರಿಗೆಗೆ ನೀರೊದಗಿಸಲು ಸೌತ್ ಫೋರ್ಕ್ ಎಂಬಲ್ಲಿ 72 ಅಡಿ ಎತ್ತರದ ಮಣ್ಣಿನ ಕಟ್ಟೆಯ ಕೆಲಸವನ್ನು 1838ರಲ್ಲಿ ಆರಂಭಿಸಿತು. ಅದು ಮುಗಿದದ್ದು 1853ರಲ್ಲಿ. ಅಷ್ಟರಲ್ಲಿ ರೈಲು ಬಂದು ಕಾಲುವೆಯೇ ಬೇಡವಾಯಿತು. ಕಟ್ಟೆ ಕೈಯಿಂದ ಕೈಗೆ ದಾಟಿತು. 1862ರಲ್ಲಿ ಅದರ ಒಂದು ಭಾಗ ಕುಸಿಯಿತು. ಬಳಿಕ ಬಂದ ಮಾಲೀಕರೊಬ್ಬರು ತಳದಲ್ಲಿದ್ದ ಐದು ಕಬ್ಬಿಣದ ಕೊಳವೆಗಳನ್ನು ಕೀಳಿಸಿ ಗುಜರಿಗೆ ಮಾರಿದರು. ಅಲ್ಲಿಗೆ ತೂಬು ಇಲ್ಲವಾಯಿತು.

1879ರಲ್ಲಿ ಬೆಂಜಮಿನ್ ರಫ್ ಎಂಬವರು ಅದನ್ನು ಕೊಂಡು, ಪಿಟ್ಸ್‌ಬರ್ಗಿನ ಶ್ರೀಮಂತರಿಗಾಗಿ ಮೀನುಗಾರಿಕೆ ಮತ್ತು ಬೇಟೆಯ ಕ್ಲಬ್ಬೊಂದನ್ನು ಕಟ್ಟಿದರು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಫ್ರಿಕ್ ಮೊದಲಾದವರು ಅದರ ಸದಸ್ಯರು. ಕುಸಿದ ಭಾಗವನ್ನು ತುಂಬಿದರೂ ಕೊಳವೆಗಳನ್ನು ಮತ್ತೆ ಹಾಕಲಿಲ್ಲ. ಗಾಡಿಗಳು ಸಲೀಸಾಗಿ ಓಡಾಡಲೆಂದು ಏರಿಯ ನೆತ್ತಿಯನ್ನು ತಗ್ಗಿಸಿ ಅಗಲ ಮಾಡಿದರು. ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಜಾಲರಿ ಹಾಕಿದರು. ಏರಿಯ ನಡುಭಾಗ ತುಸು ಕುಗ್ಗಿತ್ತು, ಅದನ್ನೂ ಸರಿಪಡಿಸಲಿಲ್ಲ.

ಯಾರೂ ಎಚ್ಚರಿಸಲಿಲ್ಲವೆಂದಲ್ಲ. ಜಾನ್ಸ್‌ಟೌನಿನ ಕೇಂಬ್ರಿಯಾ ಕಬ್ಬಿಣ ಕಾರ್ಖಾನೆಯ ಮುಖ್ಯಸ್ಥ ಡೇನಿಯಲ್ ಮೊರೆಲ್ 1880ರಲ್ಲಿ ಜಾನ್ ಫುಲ್ಟನ್ ಎಂಬ ತಜ್ಞರನ್ನು ಕಳುಹಿಸಿ ಕಟ್ಟೆಯನ್ನು ಪರೀಕ್ಷಿಸಿದರು. ನೀರು ಇಳಿಸುವ ವ್ಯವಸ್ಥೆಯಿಲ್ಲ, ಸೋರಿಕೆಯೂ ಇದೆ ಎಂದು ಫುಲ್ಟನ್ ವರದಿ ಕೊಟ್ಟರು. ದುರಸ್ತಿಯ ಖರ್ಚಿನಲ್ಲಿ ಪಾಲು ಕೊಡಲೂ ಮೊರೆಲ್ ಸಿದ್ಧರಿದ್ದರು. ನಿಮಗೇನೂ ಅಪಾಯವಿಲ್ಲವೆಂದು ರಫ್ ಉತ್ತರಿಸಿದರು. 1885ರಲ್ಲಿ ಮೊರೆಲ್, 1887ರಲ್ಲಿ ರಫ್ ತೀರಿಕೊಂಡರು. ಕಟ್ಟೆ ಹಾಗೆಯೇ ಉಳಿಯಿತು. ಕಟ್ಟೆ ಒಡೆಯುತ್ತದಂತೆ ಎಂಬ ಮಾತು ಕೇಳಿ ಕೇಳಿ ಕೆಳಗಿನ ಜನರಿಗೂ ಅಭ್ಯಾಸವಾಗಿತ್ತು.

1889ರ ಮೇ 30ರ ರಾತ್ರಿ ಭಾರಿ ಮಳೆ ಸುರಿಯಿತು. ಮರುದಿನ ಕ್ಲಬ್ಬಿನ ಕೆಲಸಗಾರರು ಏರಿಗೆ ಮಣ್ಣು ಹಾಕಿದರು, ಹೊಸ ಕೋಡಿ ತೋಡಲು ಹೆಣಗಿದರು. ತೆರೆಯಲು ತೂಬೇ ಇರಲಿಲ್ಲ. ಇದ್ದ ಕೋಡಿಯ ಜಾಲರಿಗೆ ಕಸ ಸಿಕ್ಕಿಕೊಂಡಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಕಟ್ಟೆ ಒಡೆಯಿತು. ಸುಮಾರು 14 ಮೈಲಿ ಕೆಳಗಿದ್ದ ಪಟ್ಟಣವನ್ನು ಪ್ರವಾಹವು ನಾಲ್ಕು ಗಂಟೆಯ ಹೊತ್ತಿಗೆ ಮುಟ್ಟಿತು. ಕೊಚ್ಚಿ ಬಂದ ಮನೆ, ಮರ, ರೈಲು ಡಬ್ಬಿಗಳೆಲ್ಲ ಕಲ್ಲು ಸೇತುವೆಗೆ ಸಿಕ್ಕಿಕೊಂಡು ಬೆಂಕಿ ಹತ್ತಿತು. ನೀರಿನಿಂದ ಪಾರಾದ ಎಷ್ಟೋ ಮಂದಿ ಆ ಬೆಂಕಿಯಲ್ಲಿ ಸತ್ತರು. 99 ಕುಟುಂಬಗಳಲ್ಲಿ ಒಬ್ಬರೂ ಉಳಿಯಲಿಲ್ಲ.

ಸದಸ್ಯರಲ್ಲಿ ಕೆಲವರು ಪರಿಹಾರಕ್ಕೆ ಹಣ ಕೊಟ್ಟರು. ಕಾರ್ನೆಗಿ ಗ್ರಂಥಾಲಯ ಕಟ್ಟಿಸಿಕೊಟ್ಟರು. ಆದರೆ ನ್ಯಾಯಾಲಯದ ಮೂಲಕ ಸಂತ್ರಸ್ತರಿಗೆ ಏನೂ ದಕ್ಕಲಿಲ್ಲ. ಇದು ದೇವರ ಕೃತ್ಯವೆಂದು ಹೇಳಲಾಯಿತು. ಮೊದಲಿನ ರೂಪದಲ್ಲಿದ್ದರೂ ಕಟ್ಟೆ ಒಡೆಯುತ್ತಿತ್ತೆಂದು 1891ರ ಎಂಜಿನಿಯರುಗಳ ವರದಿಯೂ ಹೇಳಿತು. 2016ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ಒಪ್ಪಲಿಲ್ಲ. ಏರಿಯನ್ನು ತಗ್ಗಿಸಿದ್ದರಿಂದಲೇ ನೀರು ಹೊರಹೋಗುವ ಸಾಮರ್ಥ್ಯ ತೀರಾ ಕುಗ್ಗಿತ್ತೆಂದು ಅದು ತೋರಿಸಿತು.

ಮಳೆ ದೇವರದಿರಬಹುದು. ಕೊಳವೆ ಮಾರಿದ್ದು, ನೆತ್ತಿ ತಗ್ಗಿಸಿದ್ದು, ಎಚ್ಚರಿಕೆಯನ್ನು ತಳ್ಳಿಹಾಕಿದ್ದು ಮನುಷ್ಯರೇ. ಹಳೆಯ ಕಟ್ಟೆಯೊಂದು ವಿಹಾರತಾಣವಾದಾಗ ಮೇಲಿನವರಿಗೆ ಕಾಣುವುದು ನೀರಿನ ಚೆಲುವು ಮಾತ್ರ. ಅದರ ತೂಬು, ಕೋಡಿ, ಸೋರಿಕೆಗಳ ಬಗ್ಗೆ ಕೇಳುವ ಹಕ್ಕು ಕೆಳಗೆ ಬದುಕುವವರಿಗೆ ಇರಬೇಕು. ಅವರಿಗೆ ಉತ್ತರ ಕೊಡುವ ಹೊಣೆ ಕಟ್ಟೆಯ ಒಡೆಯರ ಮೇಲಿರಬೇಕು.