ಮನಿ ಬಿಟ್ಟುಕೊಡೂ ಮುಂದ

ಅತ್ತಿಯವರ ಕಾಲದ ಮನಿ ಮಾರಾಕ ಕರಾರು ಆಗಿತ್ತು, ಖರೀದಿ ಪತ್ರಕ್ಕ ಇನ್ನೊಂದ ವಾರ ಇತ್ತು. ದೇವರಮನಿ ಹಿಂದಿನ ಗ್ವಾಡಿ ಮಳಿಗಾಲದಾಗ ಒಸರತದ. "ಸುಣ್ಣಾ ಹಚ್ಚಿದ್ರ ಆತು, ಯಾರಿಗೆ ಗೊತ್ತಾಗತದ?" ಅಂದ್ರು ನಮ್ಮನಿಯವರು. ನನಗ ಮನಸ್ಸು ಒಪ್ಪಲಿಲ್ಲ.

ಈ ಮಾತಿಗೆ ಹಳೇ ಕಾಯ್ದೆನ ಅದರೀ, 1882ರ ಸ್ವತ್ತು ವರ್ಗಾವಣೆ ಕಾಯ್ದೆ. ನಮ್ಮ ಧಾರವಾಡ ಆಗ ಮುಂಬೈ ಪ್ರಾಂತದಾಗಿತ್ತು; ಇಲ್ಲಿಗೆ ಅದು ಬಂದದ್ದು 1893ಕ್ಕ. ಬ್ಯಾರೆ ಕರಾರು ಇರದಿದ್ರ ಮಾರೋರು ಏನೇನು ಮಾಡಬೇಕು ಅಂತ ಅದರ 55ನೇ ಕಲಮು ಹೇಳತದ. ಕೊಳ್ಳೋರು ನೋಡಿದ್ರೂ ಕಾಣದಂಥ ದೊಡ್ಡ ಐಬು ಇದ್ರ ತಾವಾಗೇ ಹೇಳಬೇಕು. ಮಾರಾಟದ ದಿನದ ತನಕ ಮನಿಪಟ್ಟಿ ತುಂಬಬೇಕು. ಕರಾರು ಆದಮ್ಯಾಲೂ, ಒಪ್ಪಿಸೂ ತನಕ ಮನೀನೂ ಕಾಗದಪತ್ರಾನೂ ಜ್ವಾಪಾನ ಮಾಡಬೇಕು. ರೊಕ್ಕ ಪೂರಾ ಬಂದಮ್ಯಾಲೆ ಹಳೇ ಕಾಗದಪತ್ರ ಕೊಡಬೇಕು.

ಮನಿಪಟ್ಟಿ ಪಾವತಿ, ಲೈಟ್ ಬಿಲ್ಲು, ಹಳೇ ಕಾಗದ ಎಲ್ಲಾ ಒಂದು ಚೀಲಕ್ಕ ಹಾಕಿದೆ. ಕೊಳ್ಳೂ ಹೆಣ್ಣುಮಗಳನ್ನ ಕರದು ಗ್ವಾಡಿ ತೋರಿಸಿದೆ. ಆಕಿ ರಿಪೇರಿ ಖರ್ಚಿನಷ್ಟು ರೊಕ್ಕ ಇಳಿಸಿದ್ಲು. ನಮ್ಮನಿಯವರು ಎರಡು ದಿನಾ ಮಾತಾಡಲಿಲ್ಲ.

ಕಡೀ ದಿನ ಮನಿ ಗುಡಿಸಿ, ಸಾರಿಸಿ, ಬಾಗಲಿಗೆ ರಂಗೋಲಿ ಹಾಕಿ ಕೀಲಿ ಕೊಟ್ಟೆ. ಮುಂದಿನ ಮಳಿಗಾಲದಾಗ ಆಕಿ ನನ್ನ ನೆನಸಿ ಬೈಯೂದಿಲ್ಲ, ಅಷ್ಟು ಸಾಕು.