ತೀವ್ರ ಮನೋರೋಗಿಗಳ ಲೈಂಗಿಕ ಆರೋಗ್ಯ: ಒಂದು ಚಾರಿತ್ರಿಕ ವಿವೇಚನೆ

ಚಿತ್ತವಿಕಲರ ಚಿಕಿತ್ಸೆಯ ಚರಿತ್ರೆಯಲ್ಲಿ ಅವರ ಲೈಂಗಿಕ ಜೀವನವು ಎರಡು ರೀತಿಗಳಲ್ಲಿ ಕಾಣಿಸಿಕೊಂಡಿದೆ: ರೋಗದ ಮೂಲವೆಂದು ಮೊದಲು, ಸಮಾಜಕ್ಕೆ ಅಪಾಯವೆಂದು ಅನಂತರ. ಅದು ಆ ವ್ಯಕ್ತಿಗಳ ಆರೋಗ್ಯದ ಹಾಗೂ ಹಕ್ಕಿನ ವಿಷಯವೆಂಬ ಭಾವನೆ ತೀರ ಈಚಿನದು. ಈ ಪರಿವರ್ತನೆ ಹೇಗಾಯಿತೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಒಂದು ಬಗೆಯ ರೋಗಿಗಳು ಹೆಚ್ಚಾಗಿ ಕಂಡುಬರುತ್ತಿದ್ದರು. ಮೊದಲು ವೈಭವದ ಭ್ರಮೆ, ಬಳಿಕ ನಾಲಗೆಯ ತೊದಲು, ಕೊನೆಗೆ ಸರ್ವಾಂಗ ಪಾರ್ಶ್ವವಾಯು ಮತ್ತು ಮರಣ. ಇದು ಆ ರೋಗದ ಕ್ರಮ. 1822ರಲ್ಲಿ ಪ್ಯಾರಿಸಿನ ಬೇಲ್ ಎಂಬ ವೈದ್ಯನು ಇದಕ್ಕೆ ಮೆದುಳಿನ ಪೊರೆಯ ಉರಿಯೂತವೇ ಕಾರಣವೆಂದು ತೋರಿಸಿದನು. 1857ರಲ್ಲಿ ಎಸ್ಮಾರ್ಕ್ ಮತ್ತು ಯೆಸ್ಸೆನ್ ಎಂಬವರು ಇದರ ಮೂಲ ಸಿಫಿಲಿಸ್ ಇರಬಹುದೆಂದು ಸೂಚಿಸಿದರು. ಇದೇ ವ್ಯಾಧಿಯು ಹದಿನಾರನೆಯ ಶತಮಾನದ 'ಭಾವಪ್ರಕಾಶ'ವೆಂಬ ಆಯುರ್ವೇದ ಗ್ರಂಥದಲ್ಲಿ ಫಿರಂಗರೋಗವೆಂದು ಹೆಸರಿಸಲ್ಪಟ್ಟಿದೆ. 1905ರಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಇದರ ರೋಗಾಣುವನ್ನು ಕಂಡುಹಿಡಿದರು. 1913ರಲ್ಲಿ ನೊಗುಚಿ ಮತ್ತು ಮೂರ್ ಅದನ್ನು ಮೃತ ರೋಗಿಗಳ ಮೆದುಳಿನಲ್ಲಿಯೇ ತೋರಿಸಿದರು. ಸಂಭೋಗದಿಂದ ಹರಡುವ ಸೋಂಕೊಂದು ಹಲವು ವರ್ಷಗಳ ತರುವಾಯ ಬುದ್ಧಿಭ್ರಂಶವಾಗಿ ಪರಿಣಮಿಸಬಲ್ಲುದೆಂಬುದು ಹೀಗೆ ಸಿದ್ಧವಾಯಿತು.

1917ರಲ್ಲಿ ವಿಯೆನ್ನಾದ ವಾಗ್ನರ್-ಯೌರೆಗ್ ಮಲೇರಿಯಾ ಪೀಡಿತನ ರಕ್ತವನ್ನು ಇಂಥ ಒಂಬತ್ತು ಮಂದಿ ರೋಗಿಗಳಿಗೆ ಚುಚ್ಚಿದನು. ಅವರಲ್ಲಿ ಆರು ಮಂದಿಯ ಸ್ಥಿತಿ ಸುಧಾರಿಸಿತು. 1927ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಜ್ವರದಿಂದಲೇ ಮೃತಪಟ್ಟವರೂ ಈ ಚಿಕಿತ್ಸೆಯ ಚರಿತ್ರೆಯಲ್ಲಿ ಉಂಟು. 1943ರಲ್ಲಿ ಮಹೋನಿ ಪೆನಿಸಿಲಿನ್ನಿನ ಗುಣವನ್ನು ಸಿಫಿಲಿಸ್ ರೋಗದಲ್ಲಿ ಪರೀಕ್ಷಿಸಿದ ಮೇಲೆ ಈ ಅಧ್ಯಾಯ ಮುಕ್ತಾಯದತ್ತ ಸಾಗಿತು. ಗುಹ್ಯರೋಗದ ಚಿಕಿತ್ಸೆಯೇ ಮನೋರೋಗದ ನಿವಾರಣೆಯೂ ಆದ ಈ ನಿದರ್ಶನವು, ಎರಡು ಆರೋಗ್ಯಗಳನ್ನು ಬೇರ್ಪಡಿಸಿ ನೋಡುವುದು ಸಲ್ಲದೆಂಬ ಪಾಠವನ್ನು ಕಲಿಸಬೇಕಾಗಿದ್ದಿತು.

ಆದರೆ ಅದೇ ಕಾಲದಲ್ಲಿ ಇನ್ನೊಂದು ವಿಚಾರಧಾರೆ ಪ್ರಬಲವಾಯಿತು. ಮನೋರೋಗವು ವಂಶಪಾರಂಪರ್ಯವಾದುದರಿಂದ ರೋಗಿಗಳಿಗೆ ಸಂತಾನವಾಗದಂತೆ ತಡೆಯಬೇಕೆಂಬುದು ಸುಪ್ರಜನನವಾದಿಗಳ ಮತ. 1907ರಲ್ಲಿ ಅಮೆರಿಕದ ಇಂಡಿಯಾನಾ ಸಂಸ್ಥಾನವು ಬಲಾತ್ಕಾರದ ಸಂತಾನಹರಣ ಶಸ್ತ್ರಕ್ರಿಯೆಗೆ ಕಾಯಿದೆ ಮಾಡಿತು. 1927ರ ಬಕ್ ವಿರುದ್ಧ ಬೆಲ್ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವರ್ಜೀನಿಯಾದ ಅಂಥದೇ ಕಾಯಿದೆಯನ್ನು ಎತ್ತಿಹಿಡಿಯಿತು. ಆ ದೇಶದಲ್ಲಿ ಇಂಥ ಕಾಯಿದೆಗಳಿಗೆ ಗುರಿಯಾದವರು 60,000ಕ್ಕೂ ಮಿಕ್ಕವರು. ಜರ್ಮನಿಯಲ್ಲಿ 1933ರ ಜುಲೈ 14ರಂದು ಅಂಗೀಕೃತವಾದ ಕಾಯಿದೆಯ ಪಟ್ಟಿಯಲ್ಲಿ ಸ್ಕಿಜೋಫ್ರೀನಿಯ ಮತ್ತು ಉನ್ಮಾದ-ಖಿನ್ನತೆಗಳು ಸ್ಪಷ್ಟವಾಗಿ ಸೇರಿದ್ದುವು. ಅದರಂತೆ ಸುಮಾರು 4 ಲಕ್ಷ ಜನರ ಮೇಲೆ ಶಸ್ತ್ರಕ್ರಿಯೆ ನಡೆಯಿತು. ಇಲ್ಲಿ ವಿಚಾರಿಸಲ್ಪಟ್ಟುದು ರೋಗಿಯ ಸಂತಾನಶಕ್ತಿಯೇ ಹೊರತು ರೋಗಿಯ ಕ್ಷೇಮವಲ್ಲ. ಅದೂ ಅಲ್ಲದೆ, ಕ್ಯಾರಿ ಬಕ್ ಎಂಬ ಆ ಹೆಣ್ಣುಮಗಳು ಗರ್ಭಿಣಿಯಾದುದು ಅತ್ಯಾಚಾರದಿಂದ ಎಂದು ಮುಂದಿನ ಸಂಶೋಧನೆಯಿಂದ ಹೊರಪಟ್ಟಿದೆ. ರಕ್ಷಣೆ ಬೇಕಾದವಳಿಗೆ ದೊರೆತುದು ಶಿಕ್ಷೆ.

ನಮ್ಮ ದೇಶದ ವಿಷಯ ಸ್ವಲ್ಪ ಭಿನ್ನ. 1912ರ ಭಾರತೀಯ ಕಾಯಿದೆಯು ಪ್ರಧಾನವಾಗಿ ರೋಗಿಯನ್ನು ಬಂಧನದಲ್ಲಿರಿಸುವ ಕ್ರಮವನ್ನೂ ಅವನ ಆಸ್ತಿಯ ನಿರ್ವಹಣೆಯನ್ನೂ ಕುರಿತದ್ದು. ಬೆಂಗಳೂರಿನ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆಯಿತು. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದುವು. ಹೆಸರು ಬದಲಾದಂತೆ ಚಿಕಿತ್ಸೆಯೂ ಬದಲಾಯಿತು. 1952ರಲ್ಲಿ ಫ್ರಾನ್ಸಿನಲ್ಲಿ ಮೊದಲು ಮನೋರೋಗಕ್ಕೆ ಬಳಸಲ್ಪಟ್ಟ ಕ್ಲೋರ್‌ಪ್ರೊಮಜೀನ್ ಹಾಗೂ ಅನಂತರದ ಔಷಧಗಳು ರೋಗಿಗಳನ್ನು ಮನೆಗೆ, ಸಂಸಾರಕ್ಕೆ ಹಿಂದಿರುಗಿಸಿದುವು. ಆದರೆ ಇವುಗಳಲ್ಲಿ ಹಲವು ರಕ್ತದಲ್ಲಿನ ಪ್ರೊಲ್ಯಾಕ್ಟಿನ್ ಅಂಶವನ್ನು ಹೆಚ್ಚಿಸಿ ಮುಟ್ಟು ನಿಲ್ಲಿಸುತ್ತವೆ, ಕಾಮಾಸಕ್ತಿಯನ್ನು ಕುಗ್ಗಿಸುತ್ತವೆ. ಮುಟ್ಟು ನಿಂತ ಸ್ತ್ರೀ ಗರ್ಭವಾಯಿತೆಂದು ಅಂಜಬಹುದು, ಇಲ್ಲವೇ ಇನ್ನು ಗರ್ಭವಾಗದೆಂದು ತಪ್ಪಾಗಿ ನಂಬಬಹುದು. ಸಂಕೋಚದಿಂದ ಹೇಳಲಾರದ ಪುರುಷನು ಗುಳಿಗೆಯನ್ನೇ ಬಿಟ್ಟುಬಿಡಬಹುದು. ಆಗ ರೋಗ ಮರುಕಳಿಸುವ ಭಯವುಂಟು.

ಏಡ್ಸ್ ರೋಗದ ಆವಿರ್ಭಾವವು ಈ ಮೌನವನ್ನು ಮುರಿಯಿತು. 1991ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಅಧ್ಯಯನದಲ್ಲಿ, ಮನೋರೋಗ ಚಿಕಿತ್ಸೆಗೆಂದು ದಾಖಲಾದ 451 ಮಂದಿಯ ಪೈಕಿ ಶೇಕಡ 5.5ರಷ್ಟು ಮಂದಿಯಲ್ಲಿ ಆ ಸೋಂಕು ಕಂಡುಬಂದಿತು. ಚಿತ್ತರೋಗಿಗಳಿಗೆ ಲೈಂಗಿಕ ಜೀವನವೇ ಇಲ್ಲವೆಂಬ ಭಾವನೆ ಹೀಗೆ ನಿರಾಧಾರವಾಯಿತು. ಆ ದಶಕದಲ್ಲಿ ರೋಗಿಗಳ ಸಣ್ಣ ಗುಂಪುಗಳನ್ನು ಕೂಡಿಸಿ ಸೋಂಕಿನ ತಿಳಿವಳಿಕೆ, ನಿರೋಧ್ ಬಳಸುವ ಕ್ರಮ, ಬೇಡವೆಂದು ಹೇಳುವ ಅಭ್ಯಾಸ ಇವುಗಳನ್ನು ಕಲಿಸುವ ಪ್ರಯೋಗಗಳು ನಡೆದುವು. ತೀವ್ರ ರೋಗಿಗಳೂ ಕಲಿಯಬಲ್ಲರೆಂಬುದು ಅವುಗಳಿಂದ ವ್ಯಕ್ತವಾಯಿತು.

ದಕ್ಷಿಣ ಭಾರತದ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ದಾಖಲಾದ 146 ಸ್ತ್ರೀಯರನ್ನು ಸಂದರ್ಶಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವು ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಗಮನಾರ್ಹ. ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲು ತಾವು ಲೈಂಗಿಕ ಬಲಾತ್ಕಾರವನ್ನು ಅನುಭವಿಸಿದ್ದುದಾಗಿ ತಿಳಿಸಿದರು. ಬಲಾತ್ಕರಿಸಿದವರಲ್ಲಿ ಪತಿಯೂ ಬಂಧುಗಳೂ ಪರಿಚಿತರೂ ಇದ್ದರು. ಬಹುಮಂದಿ ಅದನ್ನು ಅದುವರೆಗೆ ಯಾರಲ್ಲಿಯೂ ಹೇಳಿರಲಿಲ್ಲ. ಆಸ್ಪತ್ರೆಯ ದಾಖಲೆಗಳಲ್ಲಿ ಅದರ ಉಲ್ಲೇಖವೂ ತೀರ ವಿರಳವಾಗಿದ್ದಿತು. ಆದುದರಿಂದ ಹಳೆಯ ಆಸ್ಪತ್ರೆಗಳ ದಾಖಲೆಗಳನ್ನು ಓದುವಾಗ, ಬರೆದಿಲ್ಲದುದು ನಡೆದೇ ಇಲ್ಲವೆಂದು ತೀರ್ಮಾನಿಸುವುದು ಯುಕ್ತವಲ್ಲ. ಕೇಳದಿದ್ದ ಪ್ರಶ್ನೆಗೆ ದಾಖಲೆಯಲ್ಲಿ ಉತ್ತರ ದೊರೆಯದು.

ಕಾನೂನು ಈ ದಿಕ್ಕಿನಲ್ಲಿ ಮುಂದುವರಿದಿದೆ. 2009ರ ಸುಚಿತಾ ಶ್ರೀವಾಸ್ತವ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಬುದ್ಧಿಮಾಂದ್ಯವೂ ಮನೋರೋಗವೂ ಒಂದೇ ಅಲ್ಲವೆಂದು ವಿವೇಚಿಸಿ, ಸಂತಾನದ ವಿಷಯದಲ್ಲಿ ಸ್ತ್ರೀಯ ಆಯ್ಕೆಯು ಸಂವಿಧಾನದ 21ನೆಯ ವಿಧಿಯ ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸಾರಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಮನೋರೋಗದ ಚಿಕಿತ್ಸೆಯೆಂಬ ನೆಪದಲ್ಲಿ ಸಂತಾನಹರಣ ಮಾಡುವುದನ್ನು 95ನೆಯ ಪ್ರಕರಣದಲ್ಲಿ ನಿಷೇಧಿಸಿದೆ. ಲೈಂಗಿಕ ಪೀಡನೆಯಿಂದ ರಕ್ಷಣೆಯನ್ನು 20ನೆಯ ಪ್ರಕರಣದಲ್ಲಿ ಹಕ್ಕಾಗಿ ವಿಧಿಸಿದೆ.

ಆದರೂ ನಿಷೇಧದಿಂದ ಹಾನಿ ತಪ್ಪೀತೇ ಹೊರತು ಆರೋಗ್ಯ ತಾನಾಗಿ ಬಾರದು. ವೈದ್ಯರು ನಿದ್ರೆ, ಊಟಗಳನ್ನು ವಿಚಾರಿಸುವಂತೆಯೇ ದಾಂಪತ್ಯ, ಮುಟ್ಟು, ಸೋಂಕು, ಬಲಾತ್ಕಾರಗಳನ್ನೂ ಏಕಾಂತದಲ್ಲಿ, ಗೌರವದಿಂದ ವಿಚಾರಿಸುವುದು ವಾಡಿಕೆಯಾಗಬೇಕು. ರೋಗಿಯ ದೇಹವನ್ನು ಕುರಿತು ಒಂದೂವರೆ ಶತಮಾನ ಕಾಲ ವೈದ್ಯರೂ ನ್ಯಾಯಾಧೀಶರೂ ಮಾತನಾಡಿದ್ದಾರೆ. ಆ ರೋಗಿಯ ಮಾತನ್ನೇ ಕೇಳುವ ಕಾರ್ಯವು ಈಚೆಗೆ ಆರಂಭವಾಗಿದೆ. ಅದನ್ನು ಮುಂದುವರಿಸುವುದು ವೈದ್ಯರಂತೆ ಚರಿತ್ರಕಾರರ ಕರ್ತವ್ಯವೂ ಆಗಿದೆ.