ಎರಡು ಭಾಷೆ ಬಲ್ಲವರ ಕೆಲಸ

ಕೊಳ್ಳೇಗಾಲ ಒಂದು ಕಾಲಕ್ಕೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ನಾವು ಇತ್ತಲೇ ಉಳಿದೆವು. ಕೊಯಮತ್ತೂರು, ತಿರುಪ್ಪೂರು ಕಡೆಯ ಎಷ್ಟೋ ದೇವಾಂಗ ನೇಕಾರರ ಮನೆಮಾತು ಇಂದಿಗೂ ಕನ್ನಡ. ಕಲಿತ ಅಕ್ಷರ ಮಾತ್ರ ತಮಿಳು.

1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ' ಹೊರತಂದರು. 1969ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಬಂದಿತು. ಅದು 14 ಸಂಪುಟಗಳಾಗಿ ಬೆಳೆಯಿತು. 2003ರಲ್ಲಿ ಅಂತರಜಾಲದಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಅದಕ್ಕೆ ಯಾರು ಬೇಕಾದರೂ ಬರೆಯಬಹುದು. ಆದರೆ ಬರೆದದ್ದಕ್ಕೆ ನಂಬಲರ್ಹ ಪ್ರಕಟಿತ ಆಧಾರ ಬೇಕು.

ನಮ್ಮೂರ ಚರಿತ್ರೆ ಕನ್ನಡದಲ್ಲಿ ಅಚ್ಚಾಗಿಲ್ಲವಲ್ಲ, ಎನ್ನುತ್ತೀರಾ? ಆಧಾರ ತಮಿಳು ಪುಸ್ತಕವಾದರೂ ಸಲ್ಲುತ್ತದೆ. ಅದನ್ನು ಓದಿ ಕನ್ನಡದಲ್ಲಿ ಬರೆಯಬಲ್ಲವರು ಬೆಂಗಳೂರಿನಲ್ಲಿ ಎಷ್ಟು ಮಂದಿ? ನಮ್ಮ ಮನೆಗಳಲ್ಲಿದ್ದಾರೆ. ತಮಿಳು ಬಲ್ಲ ಮೊಮ್ಮಗ ಓದಲಿ, ಕನ್ನಡ ಅಕ್ಷರ ಬಲ್ಲ ತಾತ ಬರೆಯಲಿ. ನಮ್ಮೂರ ಬಗ್ಗೆ ನಾವೇ ಬರೆಯದಿದ್ದರೆ ಮತ್ತ್ಯಾರು ಬರೆದಾರು?